ಫೆಲೋಶಿಪ್ಪಿಗೆ ಅಮ್ಮನ ಸಹಿ

ನಮ್ಮಮ್ಮ ನನ್ನನ್ನ ಮೊದಲು ಮೂಸಿ ನೋಡ್ತಾಳೆ, ಆಮೇಲೆ ಮಾತಾಡಿಸ್ತಾಳೆ. ತಾಯಿ ಪ್ರೀತಿ ಅಂದ್ಕೊಂಡು ಕಣ್ಣೊರೆಸಿಕೊಳ್ಬೇಡಿ. ಅದು ತಪಾಸಣೆ. ಅದಕ್ಕೆ ಕಾರಣ ಒಂದು ಫೆಲೋಶಿಪ್ಪು.

ಜಂಗಮಕೋಟೆ ಕಡೆ ರೇಷ್ಮೆ ಹುಳ ಸಾಕೋ ಮನೆಗಳಲ್ಲಿ ಅನುಮಾನ ಅನ್ನೋದು ಕೆಟ್ಟ ಗುಣ ಅಲ್ಲ, ಕಸ ಗುಡಿಸಿದ ಹಾಗೆ ದಿನಾ ಮಾಡೋ ಕೆಲಸ. ಹುಳದ ಮನೆ ಬಾಗಿಲಿಗೆ ಬಂದೋರು ಸ್ವಂತ ಬೀಗರೇ ಆಗಿರ್ಲಿ, ಕೈಕಾಲು ತೊಳೀಲೇಬೇಕು. ಬೀಡಿ ಸೇದಿ ಬಂದ್ರೆ ಹೊಸಿಲ ಆಚೆಯಿಂದಲೇ ಕ್ಷೇಮಸಮಾಚಾರ. ಊದುಬತ್ತಿ ಹೊಗೆಗೂ ಮುನಿಸಿಕೊಳ್ಳೋ ಪ್ರಾಣಿ ಅದು. ಇಂಥ ಮನೇಲಿ ಬೆಳೆದ ನನಗೆ, ಕಂಪ್ಯೂಟರ್ ಒಳಗಿಂದ ಯಾರೋ 'ಬಾ, ನಿನ್ನ ನಾಯಕನ್ನ ಮಾಡ್ತೀವಿ' ಅಂದ್ರೆ ಹೇಗಾಗ್ಬೇಡ?

ಡಿಗ್ರಿ ಮುಗಿಸಿ, ಕೆಲಸ ಹುಡುಕೋ ನೆಪದಲ್ಲಿ ದಿನಾ ಬಸ್ ಹತ್ತಿ ಶಿಡ್ಲಘಟ್ಟದ ಸೈಬರ್ ಕೆಫೆಗೆ ಹೋಗ್ತಿದ್ದ ಕಾಲ. ಒಂದು ಪುಟ ತೆರೆಯೋ ಅಷ್ಟರಲ್ಲಿ ಟೀ ಕುಡಿದು ಬರಬಹುದಿತ್ತು. ಹಾಗೆ ಟೀ ಕುಡಿದು ಬಂದಾಗ ಕಂಡಿದ್ದು: ಮಾನವ ಹಕ್ಕು, ಹೆಣ್ಣು-ಗಂಡು ಸಮಾನತೆಗಾಗಿ ದುಡಿಯೋ ಯುವ ನಾಯಕರಿಗೆ ಆರು ತಿಂಗಳ ಫೆಲೋಶಿಪ್. ಎಲ್ಲಿಗೂ ಹೋಗ್ಬೇಕಾಗಿಲ್ಲ. ಪಾಠ ಈಮೇಲಲ್ಲಿ, ಚರ್ಚೆ ಚಾಟಲ್ಲಿ, ಗುರುಗಳು ಯಾವುದೋ ದೇಶದಲ್ಲಿ.

ಕೆಫೆ ನಡೆಸ್ತಿದ್ದ ಬಾಬಣ್ಣ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. "ಆಫೀಸ್ ಎಲ್ಲೈತೆ?"

"ಆಫೀಸಿಲ್ಲ ಅಣ್ಣ, ಎಲ್ಲಾ ಆನ್‌ಲೈನು."

"ಫೀಸು?"

"ಅದೂ ಇಲ್ಲ."

"ಬಾಗಿಲೂ ಇಲ್ಲ, ಫೀಸೂ ಇಲ್ಲ. ಕಿಡ್ನಿ ಹುಷಾರು ಕಣಪ್ಪಾ."

ಕಿಡ್ನಿ ಎಲ್ಲಿರುತ್ತೆ ಅಂತ ಸರಿಯಾಗಿ ಗೊತ್ತಿಲ್ದೆ ಹೊಟ್ಟೆ ಹಿಡ್ಕೊಂಡೇ ಮನೆಗೆ ಬಂದೆ. ಮಾರನೇ ದಿನ ಅರ್ಜಿ ಹಾಕಿದೆ. ಅನುಮಾನ ಬೇರೆ, ಆಸೆ ಬೇರೆ.

'ನಿಮ್ಮ ನಾಯಕತ್ವ ವಿವರಿಸಿ' ಅಂತಿತ್ತು. ಊರಿನ ಯುವಕರ ಸಂಘ ಮುನ್ನಡೆಸ್ತೀನಿ ಅಂತ ಬರೆದೆ. ಸಂಘದಲ್ಲಿ ಮೂರು ಜನ. ಒಬ್ಬ ನಾನು, ಇನ್ನೊಬ್ಬನಿಗೂ ನನಗೂ ಮಾತಿಲ್ಲ, ಮೂರನೆಯವನನ್ನ ಸೇರಿಸಿಕೊಂಡಿದ್ದು ಬ್ಯಾಟ್ ಅವನದು ಅಂತ. ಅಲ್ಲಿಗೇ ಕೈ ನಿಲ್ಲಿಸಿದ್ರೆ ಆಗ್ತಿತ್ತು. 'ಹುಳದ ಕೆಲಸ, ಅಡುಗೆ ಕೆಲಸ ಎರಡನ್ನೂ ತಾಯಿಯ ಜೊತೆ ಸಮಸಮ ಹಂಚಿಕೊಂಡಿದ್ದೇನೆ' ಅಂತ ಸೇರಿಸಿಬಿಟ್ಟೆ. ನಮ್ಮನೇಲಿ ಅಪ್ಪ ಗೂಡು ಮಾರೋಕೆ ಹೋಗೋ ದಿನ ಮಾತ್ರ ರೇಷ್ಮೆ ಬೆಳೆಗಾರ. ನಾನು ಆ ದಿನವೂ ಅಲ್ಲ.

ವಾರದಲ್ಲಿ ಉತ್ತರ ಬಂತು. ಅರ್ಜಿ ಮೆಚ್ಚಿದ್ದಾರೆ. ಬರೆದಿರೋದೆಲ್ಲ ನಿಜ ಅಂತ ಮನೆಯ ಒಬ್ಬ ಹೆಣ್ಣುಮಗಳ ಸಹಿ ಇರೋ ಪತ್ರ ಶುಕ್ರವಾರದೊಳಗೆ ಕಳಿಸ್ಬೇಕು, ಇಲ್ದಿದ್ರೆ ಸೀಟಿಲ್ಲ. ನನ್ನ ಅನುಮಾನ ಡಬಲ್ ಆಯ್ತು. ನಿಜವಾದ ಸಂಸ್ಥೆಗಳು ಎಲ್ಲಾದ್ರೂ ಅರ್ಜಿ ಓದ್ತಾವಾ?

ಪತ್ರ ನಾನೇ ಬರೆದು, ಭಾನುವಾರ ಸೊಪ್ಪು ಹೆಚ್ಚುತ್ತಾ ಕೂತಿದ್ದ ಅಮ್ಮನ ಮುಂದೆ ಹಿಡಿದೆ.

"ಇಲ್ಲೊಂದು ಸಹಿ ಹಾಕಮ್ಮ."

"ಓದು."

"ಏನಿಲ್ಲಮ್ಮ, ಸುಮ್ನೆ..."

"ಸುಮ್ನೆ ಆದ್ರೆ ನೀನೇ ಹಾಕ್ಕೋ."

ಓದಿದೆ. 'ಸಮಸಮ' ಅನ್ನೋ ಹೊತ್ತಿಗೆ ಕತ್ತಿ ನಿಂತೋಯ್ತು.

"ಯಾರ ಮನೇದೋ ಇದು?"

"ನಮ್ದೇ."

"ನಾಲ್ಕನೇ ಜ್ವರ ಎದ್ದೈತೆ. ನಾಳೆಯಿಂದ ಬಂದು ಮಾಡು. ಕಣ್ಣಾರೆ ಕಂಡಿದ್ದಕ್ಕೆ ಸಹಿ ಹಾಕ್ತೀನಿ."

ಹುಳ ಚರ್ಮ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕು ಜ್ವರ ದಾಟಿ, ಹೊಟ್ಟೆ ತುಂಬಾ ತಿಂದ ಮೇಲೇ ಹುಳಕ್ಕೆ ಗೂಡು ಕಟ್ಟೋ ಯೋಗ್ಯತೆ. ನಾನು ಒಂದು ನೆಗಡಿಯೂ ಇಲ್ದೆ ನಾಯಕ ಆಗೋಕೆ ಹೊರಟಿದ್ದೆ.

ಸೋಮವಾರ ಮಂಜು ಆರದ ಸೊಪ್ಪು ಕೊಯ್ದು ತಂದೆ. ಒದ್ದೆ ಸೊಪ್ಪು ತಿಂದ್ರೆ ಹುಳಕ್ಕೆ ರೋಗ. ಅಷ್ಟೂ ಹಸುವಿನ ಪಾಲಾಯ್ತು. ಮಂಗಳವಾರ ಹಿಕ್ಕೆ ತೆಗೆಯೋಕೆ ಹೋಗಿ ಹಿಕ್ಕೆ ಜೊತೆ ಹುಳಾನೂ ತಿಪ್ಪೆಗೆ ಸುರಿದೆ. ಅಮ್ಮ ತಿಪ್ಪೆ ಮುಂದೆ ಕೂತು ಒಂದೊಂದೇ ಆರಿಸಿದ್ಲು. ಬುಧವಾರ ಸಂಸ್ಥೆಯವರಿಗೆ ಫೋಟೋ ಬೇಕಾಯ್ತು. ಇಸ್ತ್ರಿ ಶರ್ಟು ಹಾಕಿ, ಬ್ಯಾಟಿನ ಗೆಳೆಯನ ಬಾಡಿ ಸ್ಪ್ರೇ ಅರ್ಧ ಡಬ್ಬಿ ಖಾಲಿ ಮಾಡಿ, ಫೋಟೋದಲ್ಲಿ ಘಮ ಬರೋ ಹಾಗೆ ತಯಾರಾಗಿ ಸ್ಟುಡಿಯೋಗೆ ಹೋದೆ. ವಾಪಸ್ ಬರೋ ಹೊತ್ತಿಗೆ ಮಧ್ಯಾಹ್ನದ ಸೊಪ್ಪಿನ ಹೊತ್ತು. ಸಮಾನತೆಯ ಹುರುಪಲ್ಲಿ ನೇರ ಹುಳದ ಮನೆಗೆ ನುಗ್ಗಿದೆ.

ಮುಂದಿನ ಸಾಲಿನ ಹುಳ ಎಲ್ಲಾ ತಲೆ ಎತ್ತಿದ್ವು. ನನಗೆ ಸ್ವಾಗತ ಅಂದ್ಕೊಂಡೆ. ಆಮೇಲೆ ತಲೆ ತೂಗೋಕೆ ಶುರು ಮಾಡಿದ್ವು. ಹಸಿರು ನೀರು ಕಕ್ಕಿದ್ವು.

ಅಮ್ಮ ಬಾಗಿಲಿಗೆ ಬಂದ್ಲು. ಒಂದೇ ಸಲ ಮೂಸಿದ್ಲು.

"ಈಚೆಗೆ ಬಾ."

ಬೈದಿದ್ರೆ ವಾಸಿಯಾಗಿತ್ತು. ಕಿಟಕಿ ಎಲ್ಲಾ ತೆಗೆದು, ಆ ಸಾಲಿನ ಹುಳದ ತಟ್ಟೆಗಳನ್ನ ಒಬ್ಬಳೇ ಜಗಲಿಗೆ ಸಾಗಿಸಿ, ಪಕ್ಕದಲ್ಲಿ ಕೂತ್ಲು. ಇಪ್ಪತ್ತು ದಿನ ಅವಳ ಕೈಯಲ್ಲಿ ಬೆಳೆದ ಹುಳ. ನಾನು ನಲ್ಲಿ ಕೆಳಗೆ ಮೂರು ಸಲ ಸ್ನಾನ ಮಾಡಿ, ಅಂಗಳದಲ್ಲಿ ನಿಂತೆ. ಸಹಿ ಹೋಯ್ತು ಅಂತ ಗೊತ್ತಾಗಿತ್ತು. ಆಶ್ಚರ್ಯ ಅಂದ್ರೆ, ಆ ಹೊತ್ತಲ್ಲಿ ನೆನಪಿಗೆ ಬರ್ತಿದ್ದಿದ್ದು ಸಹಿ ಅಲ್ಲ, ತಿಪ್ಪೆ ಮುಂದೆ ಕೂತು ಒಂದೊಂದೇ ಹುಳ ಆರಿಸಿದ ಅಮ್ಮ.

ಸಂಜೆ ಕೂಗಿದ್ಲು. "ಹುಳ ಮತ್ತೆ ಸೊಪ್ಪಿಗೆ ಬಾಯಿ ಹಾಕ್ತಾವೆ, ಬಾ. ಸೊಪ್ಪು ಹಾಕು." ಹೊಸಿಲಲ್ಲಿ ತಡೆದು ಕತ್ತು, ಕಂಕುಳು ಮೂಸಿದ್ಲು. "ಹ್ಞೂ."

ಶುಕ್ರವಾರ ಬೆಳಗ್ಗೆ ಅವಳೇ ಪತ್ರ ಕೇಳಿದ್ಲು, ಪೆನ್ನೂ ಕೇಳಿದ್ಲು. ಯುವಕರ ಸಂಘಕ್ಕೆ ಒಂದು ಗೀಟು. ಅಡುಗೆಗೆ ಒಂದು ಗೀಟು. 'ಸಮಸಮ'ಕ್ಕೆ ಎರಡು. ಉಳಿದಿದ್ದು ನನ್ನ ಹೆಸರು, ವಿಳಾಸ. ಅದರ ಕೆಳಗೆ ಗುಂಡಗೆ ಬರೆದ್ಲು: 'ಇವನು ನನ್ನ ಮಗ. ಹೇಳಿದರೆ ಮಾಡುತ್ತಾನೆ. ಹೇಳಬೇಕು. ಬುಧವಾರ ತಪ್ಪು ಮಾಡಿದ. ಗುರುವಾರವೂ ಬಂದ.' ಸಹಿ.

ಸ್ಕ್ಯಾನ್ ಮಾಡ್ತಾ ಬಾಬಣ್ಣ ಲೊಚಗುಟ್ಟಿದ. "ಇದನ್ನ ಕಳಿಸ್ತೀಯಾ? ನೀಟಾಗಿ ಟೈಪ್ ಮಾಡ್ಕೊಡ್ತೀನಿ. ಸಹಿ ಮಾತ್ರ ಕತ್ತರಿಸಿ ಕೆಳಗೆ ಅಂಟಿಸಣ."

ಒಂದು ಪುಟ ತೆರೆಯೋಷ್ಟು ಹೊತ್ತು ಯೋಚನೆ ಮಾಡಿದೆ. ಆ ಕೆಫೆಯಲ್ಲಿ ಅದು ಕಮ್ಮಿ ಹೊತ್ತಲ್ಲ. ಆಮೇಲೆ ಗೀಟುಗಳ ಸಮೇತ ಕಳಿಸಿದೆ. ಇಂಗ್ಲಿಷಿಗೂ ನಾನೇ ಇಳಿಸಿದೆ, ಬುಧವಾರವನ್ನ ಬಿಡದೆ.

ಸೀಟು ಸಿಕ್ತು. ಜೊತೆಗೊಂದು ಷರತ್ತು: ಪ್ರತಿ ತಿಂಗಳ ವರದಿಯ ಕೆಳಗೂ ತಾಯಿ ನಾಲ್ಕು ಸಾಲು ಬರೀಬೇಕು. ಆರು ತಿಂಗಳು ಸಮಾನತೆ ಬಗ್ಗೆ ನಾನು ಎರಡೆರಡು ಪುಟ ಬರೆದೆ, ಅಮ್ಮ ಗೀಟು ಹಾಕಿದ್ಲು. ನನ್ನ ಕಿಡ್ನಿ ಎರಡೂ ಇದ್ದ ಕಡೆಯೇ ಇದಾವೆ. ಸಂಸ್ಥೆ ನಿಜ, ಪಾಠ ನಿಜ, ಗುರುಗಳೂ ನಿಜ. ಅಷ್ಟೆಲ್ಲಾ ಅನುಮಾನ ಪಟ್ಟೆನಲ್ಲ, ಆ ವ್ಯವಹಾರದಲ್ಲಿ ಸುಳ್ಳಾಗಿದ್ದಿದ್ದು ನನ್ನ ಅರ್ಜಿ ಒಂದೇ.

ಈಗ ಹುಳದ ಮನೆ ಬಾಗಿಲಲ್ಲಿ ಯಾರೂ ಹೇಳ್ದೇ ಇದ್ರೂ ಕತ್ತು ಚಾಚಿ ನಿಲ್ತೀನಿ. ಅಮ್ಮ ಮೂಸ್ತಾಳೆ, ಒಳಗೆ ಬಿಡ್ತಾಳೆ. ನಿನ್ನೆ ಒಳಗೆ ಬಿಟ್ಟಿದ್ದು ಇವತ್ತು ಅವಳ ಲೆಕ್ಕಕ್ಕಿಲ್ಲ.