ಟ್ಯಾಲಿನ್‌ಗೆ ಹೋಗುವವರಿಗೆ ನನ್ನ ಹದಿನೇಳು ಸಲಹೆಗಳು

ಆಕ್ಲೆಂಡಿನಲ್ಲಿ ಜೂನ್‌ನ ಚಳಿ ಬಂತೆಂದರೆ ನಮ್ಮ ಮನೆಯ ಕಪಾಟಿನಿಂದ ನುಸಿಗುಳಿಗೆಯ ವಾಸನೆ ಹೊರಡುತ್ತದೆ. ನಿನ್ನೆ ಬೆಳಿಗ್ಗೆ ಉಣ್ಣೆಯ ಕೋಟು ತೆಗೆದು ಕೊಡವಿದಾಗ ಜೇಬಿನಿಂದ ದಾರ ಕಟ್ಟಿದ ಪುಟ್ಟ ಬಿಲ್ಲೆಯೊಂದು ಜೋತುಬಿತ್ತು. ಮುಳ್ಳುಹಂದಿಯ ಆಕಾರದ್ದು, ಬೆಳಕು ತಾಗಿದರೆ ಫಳ್ಳೆಂದು ಹೊಳೆಯುತ್ತದೆ. ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನಲ್ಲಿ ಚಳಿಗಾಲಕ್ಕೆ ಜನ ಇಂಥದ್ದನ್ನು ಕೋಟಿಗೆ ಸಿಕ್ಕಿಸಿಕೊಂಡೇ ಹೊರಬೀಳುತ್ತಾರೆ. ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ಊರು, ಕಾರಿನವರ ಕಣ್ಣಿಗೆ ಬೀಳಬೇಕಲ್ಲ! ಇದನ್ನು ನನಗೆ ತಂದುಕೊಟ್ಟವರು ಸುಶೀಲಾ ಆಂಟಿ. ಬಿಲ್ಲೆ ಹಿಡಿದು ನಿಂತಿದ್ದಾಗಲೇ ಫೋನಿಗೆ ಮೆಸೇಜು ಬಂತು. ಆಂಟಿಯ ಮಗಳು ಮೇಘನಾ, ಅದೇ ಟ್ಯಾಲಿನ್‌ನಿಂದ.

"ಡಿಸೆಂಬರ್‌ಗೆ ಇವ್ರನ್ನೂ ಮಗಳನ್ನೂ ಕರ್ಕೊಂಡು ಆಕ್ಲೆಂಡಿಗೆ ಬರ್ತಿದೀನಿ ಅಣ್ಣ. ಅಲ್ಲಿಂದ ಬಂದು ಏಳು ವರ್ಷ ಆಯ್ತಲ್ಲ, ಎಲ್ಲ ಬದಲಾಗಿರತ್ತೆ. ಟಿಪ್ಸ್ ಕಳ್ಸಿ, ನೀವು ಎಕ್ಸ್‌ಪರ್ಟ್! ವೀಸಾ ವಿಷಯ ಆಗ್ಲೇ ನೋಡ್ಕೊಂಡಿದೀನಿ, ಅಮ್ಮನ ಥರ ಮರೆಯಲ್ಲ." ಕೊನೆಯಲ್ಲಿ ನಗುವ ಮುಖ.

ನನಗೆ ನಗು ಬರಲಿಲ್ಲ. ಯಾಕೆಂದು ತಿಳಿಯಬೇಕಾದರೆ ನೀವೂ ನನ್ನ ಜೊತೆ ಆ ಏಳು ವರ್ಷ ಹಿಂದಕ್ಕೆ ಬರಬೇಕು.

ಮೊದಲು ಈ 'ಎಕ್ಸ್‌ಪರ್ಟ್' ಪದವಿಯ ಕಥೆ. ಇಲ್ಲಿನ ಪೆನ್‌ರೋಸ್‌ನಲ್ಲಿ ನಾನು ಕೆಲಸ ಮಾಡುವ ಗೋದಾಮಿಗೆ ಎಸ್ಟೋನಿಯಾದಿಂದ ಒಂದು ಸಾಫ್ಟ್‌ವೇರ್ ತರಿಸಿದರು. ಅದನ್ನು ಕಲಿತು ಬಾ ಎಂದು ನನ್ನನ್ನು ಜೂನ್‌ನಲ್ಲಿ ಟ್ಯಾಲಿನ್‌ಗೆ ಕಳಿಸಿದರು. ಇದ್ದದ್ದು ಆರೇ ದಿನ. ಬಂದ ಮೇಲೆ ಹೇಳಿಕೊಂಡು ತಿರುಗಿದ್ದು ಆರು ತಿಂಗಳು. ದೀಪಾವಳಿ ಊಟದ ಪಂಕ್ತಿಯಲ್ಲಿ ಯಾರಾದರೂ ಯುರೋಪ್ ಎಂದು ಬಾಯಿಬಿಟ್ಟರೆ ಸಾಕು, ಹೋಳಿಗೆ ಪಕ್ಕಕ್ಕಿಟ್ಟು ಶುರುಮಾಡುತ್ತಿದ್ದೆ. ನನ್ನ ಹೆಂಡತಿ ಎದ್ದು ಬೇರೆ ಸಾಲಿಗೆ ಹೋಗಿ ಕೂರುತ್ತಿದ್ದಳು.

ಹಾಗಾಗಿ, ಅಲ್ಲಿ ಕೆಲಸದಲ್ಲಿದ್ದ ಮೇಘನಾ ಬಸುರಿಯಾಗಿ, ಬಾಣಂತನಕ್ಕೆ ತಾಯಿ ಹೊರಡಬೇಕೆಂದಾಗ ಆಂಟಿ ಬಂದದ್ದು ನನ್ನ ಹತ್ತಿರ. ಸ್ಯಾಂಡ್ರಿಂಗಮ್‌ನಲ್ಲಿ ನಮ್ಮಿಂದ ಎರಡು ಬೀದಿ ಆಚೆ ಅವರ ಮನೆ. ಮೈಸೂರಿನವರು. ಗಂಡ ತೀರಿಕೊಂಡ ಮೇಲೆ, ಕೆಲಸಕ್ಕೆ ಹೋಗುವವರ ಮಕ್ಕಳನ್ನು ಸ್ಕೂಲು ಬಿಟ್ಟ ನಂತರ ನೋಡಿಕೊಳ್ಳುತ್ತಿದ್ದರು. ನನ್ನ ಮಗನೂ ಅವರ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಅಲ್ಲೇ ಬೆಳೆದವನು. ಅವರಿಗಾಗಿ ಹದಿನೇಳು ಸಲಹೆಗಳನ್ನು ಕನ್ನಡದಲ್ಲಿ ಟೈಪು ಮಾಡಿ ಪ್ರಿಂಟು ತೆಗೆದುಕೊಟ್ಟೆ. ಹಳೆಯ ಊರಿನ ಬೀದಿಗಳಿಗೆ ಉರುಟು ಕಲ್ಲು ಹಾಸಿದ್ದಾರೆ, ಹಿಮ್ಮಡಿ ಎತ್ತರದ ಚಪ್ಪಲಿ ಬೇಡ. ಕಪ್ಪು ಬ್ರೆಡ್ಡು ಹುಳಿಯಿರುತ್ತದೆ, ಹೆದರಬೇಡಿ. ಹೆಲ್ಸಿಂಕಿಯಿಂದ ಹಡಗಿನಲ್ಲಿ ಎರಡೇ ಗಂಟೆ. ಐದನೆಯದು: 'ವೀಸಾದ ಗೋಜೇ ಇಲ್ಲ. ಪಾಸ್‌ಪೋರ್ಟ್ ತೋರಿಸಿ ಒಳಗೆ ನಡೆಯಿರಿ.' ಟಿಕೆಟ್ಟನ್ನೂ ನಾನೇ ಬುಕ್ ಮಾಡಿದೆ. ಆಂಟಿ ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಆಯಸ್ಕಾಂತವಿಟ್ಟು ಫ್ರಿಜ್ಜಿಗೆ ಅಂಟಿಸಿಕೊಂಡರು.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಕೆಲವರು ನ್ಯೂಜಿಲೆಂಡಿನ ಪೌರರಾಗಿ ಕಪ್ಪು ಪಾಸ್‌ಪೋರ್ಟ್ ತೆಗೆದುಕೊಂಡು, ಭಾರತದ್ದನ್ನು ವಾಪಸ್ ಕೊಟ್ಟುಬಿಟ್ಟವರು. ಕೊಟ್ಟ ದಿನ ಕಣ್ಣು ತೇವವಾಗಿತ್ತು, ನಿಜ. ತಿಂಗಳು ಕಳೆಯುವಷ್ಟರಲ್ಲಿ, ಹುಟ್ಟಿದಾಗಿನಿಂದಲೂ ಅದೇ ಇತ್ತೇನೋ ಎಂಬಂತೆ ವಿಮಾನ ನಿಲ್ದಾಣಗಳಲ್ಲಿ ಎದೆ ಸೆಟೆಸಿ ನಡೆಯತೊಡಗಿದ್ದೆ. ಆಂಟಿ ಮಾತ್ರ ತೆಗೆದುಕೊಂಡಿರಲಿಲ್ಲ. ಗಂಡ ಹೆಂಡತಿ ಒಟ್ಟಿಗೆ ಪೌರತ್ವದ ಪ್ರಮಾಣ ಮಾಡೋಣವೆಂದು ಅರ್ಜಿ ತುಂಬಿಟ್ಟಿದ್ದರಂತೆ. ಅಷ್ಟರಲ್ಲಿ ಅಂಕಲ್ ಹೋಗಿಬಿಟ್ಟರು. "ಆ ಹಾಲ್‌ನಲ್ಲಿ ಒಬ್ಬಳೇ ಹೋಗಿ ನಿಲ್ಲೋದು ನನ್ನ ಕೈಲಾಗಲ್ಲ ಕಣೋ" ಎಂದಿದ್ದರು. ಹೇಳಿದ್ದು ಇನ್ಯಾರಿಗೋ ಅಲ್ಲ, ನನಗೇ. ನನ್ನ ಪ್ರಮಾಣದ ದಿನ ಅತಿಥಿಯಾಗಿ ಬಂದು ನನ್ನ ಪಕ್ಕ ಕೂತು ಹೇಳಿದ್ದರು. ಮೇಘನಾಳದೂ ಕಪ್ಪು ಪಾಸ್‌ಪೋರ್ಟೇ ಆದ್ದರಿಂದ ಅವಳಿಗೂ ಅನುಮಾನ ಬರಲಿಲ್ಲ.

ಹೊರಡುವ ದಿನ ಮಧ್ಯಾಹ್ನ ನಾನೇ ಕಾರಿನಲ್ಲಿ ಕರೆದೊಯ್ದೆ. ಸೂಟ್‌ಕೇಸಿನಲ್ಲಿ ಶುಂಠಿ ಪುಡಿ, ಮೆಂತ್ಯದ ಪುಡಿ, ಮಗುವಿಗೆಂದು ಹಳೆಯ ಹತ್ತಿ ಸೀರೆಗಳನ್ನು ಚೌಕವಾಗಿ ಕತ್ತರಿಸಿ ಅಂಚು ಹೊಲಿದ ಬಟ್ಟೆಗಳು. ಮೇಘನಾಳಿಗೆ ವೈದ್ಯರು ಹೇಳಿದ ದಿನಕ್ಕೆ ಇನ್ನು ಎರಡೇ ವಾರ.

ಕೌಂಟರಿನ ಹುಡುಗಿ ಪಾಸ್‌ಪೋರ್ಟಿನ ಹಾಳೆಗಳನ್ನು ಮುಂದಿನಿಂದ ಹಿಂದಕ್ಕೆ ತಿರುವಿದಳು. ಆಮೇಲೆ ಹಿಂದಿನಿಂದ ಮುಂದಕ್ಕೆ. ಯುರೋಪಿನ ವೀಸಾ ಎಲ್ಲಿದೆ ಎಂದು ಮೆಲ್ಲಗೆ ಕೇಳಿದಳು. ನಾನು ನಕ್ಕೆ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ವೀಸಾ ಬೇಕಿಲ್ಲಮ್ಮ, ನಾನೇ ಹೋಗಿಬಂದಿದ್ದೇನೆ, ನಿಮ್ಮ ಮೇಲಿನವರನ್ನು ಕರೆಯಿರಿ ಎಂದು ದಬಾಯಿಸಿದೆ. ಸಾಲದೆಂಬಂತೆ ಆಂಟಿಯ ಕೈಚೀಲದಿಂದ ನನ್ನ ಹಾಳೆ ಎಳೆದು, ಐದನೆಯ ಸಲಹೆಯ ಮೇಲೆ ಬೆರಳಿಟ್ಟು ತೋರಿಸಿದೆ. ಕನ್ನಡದಲ್ಲಿತ್ತು! ಅವಳು ಅದನ್ನು ಮರ್ಯಾದೆಯಿಂದಲೇ ನೋಡಿದಳು. ಮೇಲಿನವನು ಬಂದ, ಕಂಪ್ಯೂಟರಿನಲ್ಲಿ ಏನೋ ಒತ್ತಿದ, ಮಾತಿಲ್ಲದೆ ಪಾಸ್‌ಪೋರ್ಟಿನ ಹೊದಿಕೆಯನ್ನು ನನ್ನ ಕಡೆ ತಿರುಗಿಸಿದ. ಕಡುನೀಲಿ. ಮೇಲೆ ಸಿಂಹಗಳು.

ವೀಸಾ ಬೇಡವಾಗಿದ್ದದ್ದು ಕಪ್ಪು ಪಾಸ್‌ಪೋರ್ಟಿನವರಿಗೆ ಮಾತ್ರ. ಬೆಲ್ಟಿನ ಮೇಲೆ ಹೋಗಿದ್ದ ಸೂಟ್‌ಕೇಸ್ ಹಿಂದಕ್ಕೆ ಬಂತು.

"ಏನಂತೆ?"

"ವೀಸಾ ಬೇಕಂತೆ ಆಂಟಿ."

"ಬೇಡ ಅಂತ ಬರ್ದಿದ್ಯಲ್ಲೋ?" ಗದರಿಕೆಯಲ್ಲ, ಬರೀ ಪ್ರಶ್ನೆ.

"ನನಗೆ ಬೇಕಿರಲಿಲ್ಲ" ಎಂದೆ.

ವಾಪಸ್ ಅವರ ಮನೆಗೆ ಬಂದು ಅಡುಗೆಮನೆಯ ಮೇಜಿನ ಎದುರುಬದುರು ಕೂತೆವು. ಟ್ಯಾಲಿನ್‌ನಲ್ಲಿ ಬೆಳಗಾಗುವವರೆಗೆ ಕಾಯಬೇಕಿತ್ತು. ಫ್ರಿಜ್ಜು ಖಾಲಿ ಮಾಡಿ ಆರಿಸಿದ್ದರು, ಬಾಗಿಲ ಮೇಲೆ ಆಯಸ್ಕಾಂತ ಮಾತ್ರ ಉಳಿದಿತ್ತು. ಹಾಲಿಲ್ಲದ ಕಾಫಿ ಕುಡಿದೆವು. ಫೋನಿನಲ್ಲಿ ಹುಡುಕುತ್ತಿದ್ದೆ: ಅರ್ಜಿ, ವೆಲಿಂಗ್ಟನ್‌ಗೆ ಹೋಗಿ ಸಂದರ್ಶನ, ಆಮೇಲೆ ಹದಿನೈದು ದಿನ ಅಥವಾ ಹೆಚ್ಚು. ಎಷ್ಟು ಸಲ ಕೂಡಿಸಿದರೂ ಹೆರಿಗೆಯ ದಿನ ಮೊದಲು ಬರುತ್ತಿತ್ತು. ಕೊನೆಗೆ ಆಂಟಿಯೇ ವಿಡಿಯೋ ಕರೆ ಮಾಡಿದರು.

"ಏನಮ್ಮಾ ನೀನು! ಇಷ್ಟು ದೊಡ್ಡ ವಿಷಯ ಯಾರಾದ್ರೂ ಮರೀತಾರಾ? ನನ್ನ ಜೊತೆ ಯಾರಿರ್ತಾರೆ ಈಗ?" ಮೇಘನಾ ಅಳುತ್ತಿದ್ದಳು.

"ನನ್ನ ತಲೆನೇ ಹಾಗೆ ಕಣೇ. ನೋಡ್ಕೊಳ್ಲಿಲ್ಲ. ನನ್ನದೇ ತಪ್ಪು."

ತಪ್ಪು ನನ್ನದು ಎನ್ನಲು ನನಗೆ ಬೇಕಿದ್ದದ್ದು ಎರಡು ಪದ. ಆದರೆ ನಾನೇನು ಮಾಡಿದೆ ಗೊತ್ತೆ? ಕ್ಯಾಮೆರಾಗೆ ಕಾಣದಂತೆ ಕುರ್ಚಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿಕೊಂಡೆ.

ಕರೆ ಮುಗಿದ ಮೇಲೆ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. "ನನ್ನ ಮೇಲಿನ ಸಿಟ್ಟು ಅವಳಿಗೆ ಎರಡು ದಿನ. ನಿನ್ನ ಮೇಲೆ ಬಂದ್ರೆ ಉಳ್ಕೊಂಡ್ಬಿಡತ್ತೆ" ಎಂದು ಲೋಟ ತೊಳೆಯಲು ಎದ್ದರು.

ಮಗು ಹುಟ್ಟಿದಾಗ ಅವರ ಪಾಸ್‌ಪೋರ್ಟ್ ಇನ್ನೂ ವೀಸಾ ಕಚೇರಿಯಲ್ಲಿತ್ತು. ಮಗನನ್ನು ಕರೆದೊಯ್ಯಲು ನಾನು ಆಂಟಿಯ ಮನೆಗೆ ಹೋಗಿದ್ದ ಹೊತ್ತಿಗೇ ಫೋನ್ ಬಂತು. ಆಂಟಿ, ಗಲಾಟೆ ಮಾಡುತ್ತಿದ್ದ ನಾಲ್ಕು ಮಕ್ಕಳ ಬಾಯಿ ಮುಚ್ಚಿಸಿ, "ಅದು ಅಳೋದು ಒಂಚೂರು ಕೇಳಿಸು" ಎಂದರು. ಕಿವಿಗೆ ಫೋನ್ ಒತ್ತಿಕೊಂಡು ನಿಂತೇ ಇದ್ದರು. ನಾನು ಮಗನ ಬೂಟಿನ ಲೇಸು ಕಟ್ಟುತ್ತ ಕೂತೆ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದೆ.

ವೀಸಾ ಬಂದು ಅವರು ಹೋದದ್ದು ಡಿಸೆಂಬರಿನಲ್ಲಿ. ಮಾರ್ಚಿನಲ್ಲಿ ಈ ಬಿಲ್ಲೆ ತಂದುಕೊಟ್ಟರು, ಜೊತೆಗೆ ನನ್ನ ಹಾಳೆಯನ್ನೂ. ನೀಲಿ ಶಾಯಿಯಲ್ಲಿ ತುಂಬ ತಿದ್ದಿದ್ದರು: 'ಸೂರಿನ ಕೆಳಗೆ ನಡೆಯಬೇಡಿ, ಐಸ್ ತಲೆ ಮೇಲೆ ಬೀಳುತ್ತೆ.' 'ಬಿಲ್ಲೆ ಇಲ್ಲದೆ ಹೊರಗೆ ಹೋಗಬೇಡಿ.' 'ಬ್ರೆಡ್ಡಿಗೆ ಚಟ್ನಿಪುಡಿ ಚೆನ್ನ.' ಬೇಸಿಗೆಯಲ್ಲಿ ಆರು ದಿನ ಇದ್ದವನಿಗೆ ಇದೆಲ್ಲ ಎಲ್ಲಿ ಗೊತ್ತಿರಬೇಕು! ಐದನೆಯದರ ಪಕ್ಕ ಮಾತ್ರ ಏನೂ ಬರೆದಿರಲಿಲ್ಲ. ಹೊಡೆದೂ ಹಾಕಿರಲಿಲ್ಲ.

ಎರಡು ದಿನದ ಸಿಟ್ಟು ಎಂದಿದ್ದರು ಆಂಟಿ. ಈಗ ಮೊಮ್ಮಗಳು ಸ್ಕೂಲಿಗೆ ಹೋಗುತ್ತಾಳೆ, ಮೇಘನಾ ಇನ್ನೂ ಆ ಮಾತು ಆಡುತ್ತಾಳೆ. ನೋವು ತಮಾಷೆಯ ವೇಷ ಹಾಕಿಕೊಂಡಿದೆ, ಅಷ್ಟೆ. ಪ್ರತಿ ಸಲವೂ ಆಂಟಿ ತಲೆ ತಗ್ಗಿಸಿ ನಗುತ್ತಾರೆ. ಪ್ರತಿ ಸಲವೂ ನಾನು ಸುಮ್ಮನಿದ್ದೇನೆ.

ನಿನ್ನೆ ಇಡೀ ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಸಂಜೆ ಆಕ್ಲೆಂಡಿಗೆ ಬರುವವರಿಗೆ ಸಲಹೆ ಬರೆಯಲು ಕೂತೆ. ಡಿಸೆಂಬರಿನ ಬಿಸಿಲು ಚುರುಗುಟ್ಟುತ್ತದೆ, ಮಗುವಿಗೆ ಟೊಪ್ಪಿ ತಾ. ತಿಂಡಿ ತಂದರೆ ಏರ್‌ಪೋರ್ಟಿನ ಅಧಿಕಾರಿಗಳಿಗೆ ತಪ್ಪದೆ ಹೇಳು. ನಾಲ್ಕು ಮುಗಿಸಿ ಐದನೆಯದಕ್ಕೆ ಬಂದೆ. 'ನಿಮ್ಮಮ್ಮ ವೀಸಾ ಮರೆತಿರಲಿಲ್ಲ ಮೇಘನಾ. ಬೇಡವೆಂದು ಬರೆದುಕೊಟ್ಟವನು ನಾನು. ಆವತ್ತು ನೀನು ಅಳುವಾಗ ಎದುರಿಗೇ ಕೂತಿದ್ದೆ.' ಹಳೆಯ ಹಾಳೆಯ ಫೋಟೋ ಸೇರಿಸಿ ಕಳಿಸಿಬಿಟ್ಟೆ.

ಬಿಲ್ಲೆಯನ್ನು ಕೋಟಿಗೆ ಸಿಕ್ಕಿಸಿಕೊಂಡು, ಆಂಟಿಗೂ ಹೇಳಿಬಿಡೋಣವೆಂದು ಕತ್ತಲಲ್ಲಿ ಅವರ ಮನೆಗೆ ನಡೆದೆ. ಬಾಗಿಲು ತೆರೆದ ಆಂಟಿಯ ಕೈಯಲ್ಲಿ ಫೋನಿತ್ತು, ಕಣ್ಣು ಕೆಂಪಗಿತ್ತು. ನನ್ನನ್ನೊಮ್ಮೆ, ಕೋಟಿನ ಬಿಲ್ಲೆಯನ್ನೊಮ್ಮೆ ನೋಡಿದರು.

"ತಡಿಯೇ, ಇಲ್ಲೇ ಬಂದಿದಾನೆ" ಎಂದು ಫೋನನ್ನು ನನ್ನ ಮುಖದ ಕಡೆ ತಿರುಗಿಸಿದರು.

ಮೇಘನಾ ನಗುತ್ತಿರಲಿಲ್ಲ. "ಹೇಳಿ ಅಣ್ಣ" ಎಂದಳು.

ಹೇಳಿದೆ.