ಕೋಟೆಗೋಡೆಯ ಮೇಲೆ ಅತ್ತೆಯ ಸೀರೆ

ಗೆಳೆಯರೇ, ಮಾಲ್ಟಾ ದೇಶದ ಜೈಲು ತಪ್ಪಿಸಿಕೊಂಡು ಈಗಷ್ಟೇ ಹೋಟೆಲಿಗೆ ಬಂದಿದ್ದೇವೆ.

ಬೆಳಿಗ್ಗೆ ವ್ಯಾಲೆಟ್ಟಾದ ಹಳೆಯ ಕೋಟೆಯ ಬುಡದಲ್ಲಿ, ನವಲಿ ಊರಿನ ನಮ್ಮತ್ತೆ ಸಮುದ್ರಕ್ಕೆ ಕೈಮುಗಿದು ಮೂರು ಸಲ ಮುಳುಗಿದರು. ಬೇರೆ ಸೀರೆ ಉಟ್ಟು, ಒದ್ದೆಯ ಇಳಕಲ್ ಸೀರೆಯನ್ನು ತುಂಗಭದ್ರೆಯ ದಂಡೆಯಲ್ಲಿ ಹರವಿದಂತೆ ಕೋಟೆಗೋಡೆಯ ಮೇಲೆ ಹರವಿಯೇಬಿಟ್ಟರು.

ಕಾವಲುಗಾರ ಓಡಿಬಂದ. "ನೂರಾರು ವರ್ಷದ ಗೋಡೆ ಇದು! ತೆಗೆಯಿರಿ!" ಎಂದು ಇಂಗ್ಲಿಷಿನಲ್ಲಿ ಕೂಗಿದ.

"ಹಸಿ ಸೀರಿ ಗಂಟು ಕಟ್ಟಿದ್ರ ವಾಸನಿ ಹಿಡೀತೈತಿ. ಒಣಗೂತನಕ ತಡಿ ಅನ್ನು ಅವಂಗ," ಎಂದರು ಅತ್ತೆ.

ಅವನು ನಮ್ಮ ಪಾಸ್‌ಪೋರ್ಟ್ ಕೇಳಿದ. ಎದೆಗೆ ಸಿಕ್ಕಿಸಿದ್ದ ವಾಕಿಟಾಕಿಯಲ್ಲಿ ಯಾರನ್ನೋ ಕರೆಯತೊಡಗಿದ.

"ಅತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ, ತಗೀರಿ! ಪೊಲೀಸ್ರನ್ನ ಕರಿಯಾಕತ್ಯಾನ."

"ಅವಂದು ಏನ ತಕರಾರು?"

"ಗೋಡಿಗೆ ಏನೂ ತಾಗಬಾರದಂತ್ರಿ."

"ಇಷ್ಟ ಹೌದಲ್ಲ?"

ಅತ್ತೆ ಸರಕ್ಕನೆ ಸೀರೆ ಎಳೆದು ಒಂದು ತುದಿ ನನಗೆ ಕೊಟ್ಟರು. ಇನ್ನೊಂದನ್ನು ಅವನ ಎರಡೂ ಕೈಗೆ ತುರುಕಿದರು. "ಬಿಗಿಯಾಗಿ ಹಿಡಿ ತಮ್ಮಾ. ಗಾಳಿ ಭಾಳ ಛಲೋ ಐತಿ."

ಏನಾಯಿತೆಂದು ವಾಕಿಟಾಕಿ ಕೇಳುತ್ತಲೇ ಇತ್ತು. ಉತ್ತರಿಸಲು ಮಾಲ್ಟಾ ಸರಕಾರದ ಕೈ ಖಾಲಿ ಇರಲಿಲ್ಲ.