ಮರಳ ದಿಬ್ಬದ ಮೇಲೆ ಏಕಾದಶಿ

ಮಲೇಷ್ಯಾದಲ್ಲಿ ಮರಳುಗಾಡಿದೆ ಎಂದರೆ ಮೈಸೂರಿನಲ್ಲಿ ಯಾರೂ ನಂಬುವುದಿಲ್ಲ. ಮಲಕ್ಕಾ ಊರಿನ ಅಂಚಿನಲ್ಲಿ, ಸಮುದ್ರ ತುಂಬಿಸಲೆಂದು ಸುರಿದ ಮರಳು ಗಾಳಿಗೆ ದಿಬ್ಬ ದಿಬ್ಬವಾಗಿ ನಿಂತಿದೆ. ಮದುವೆಯ ಜೋಡಿಗಳು ಅರಬ್ ದೇಶಕ್ಕೆ ಹೋದವರಂತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಶೋಕಿಯವರು ನಾಲ್ಕು ಚಕ್ರದ ದಪ್ಪ ಟೈರಿನ ಬೈಕು ಓಡಿಸುತ್ತಾರೆ, ಸಂಸಾರಸ್ಥರು ಗಾಳಿಪಟ ಹಾರಿಸುತ್ತಾರೆ. ನನ್ನಂಥವರು ಬ್ಯಾಗು ಕಾಯುತ್ತಾರೆ.

ನಾನು ಹುಟ್ಟು ಪುಕ್ಕಲಿ. ಆ ಶನಿವಾರ ನಾವಿರುವ ಪುಚೊಂಗ್‌ನಿಂದ ಹೊರಡುವ ಮೊದಲೇ ನನಗೆ ಬಿಸಿಲಿನ ಭಯ, ಬೈಕುಗಳ ಭಯ, ಮಗಳು ಎಲ್ಲಿ ಕಳೆದುಹೋಗುತ್ತಾಳೋ ಎನ್ನುವ ಭಯ. ಎಲ್ಲಕ್ಕಿಂತ ಹೆಚ್ಚು, ಅತ್ತೆಗೆ ಏನಾದೀತೋ ಎನ್ನುವ ಭಯ. ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅವರಿಗೆ ಸಕ್ಕರೆ ಕಾಯಿಲೆ. ಬೆಳಗಿನ ಮಾತ್ರೆಯನ್ನು ನಾನೇ ಕೈಗೆ ಕೊಟ್ಟು, ನುಂಗುವವರೆಗೂ ಎದುರಿಗೆ ನಿಂತಿದ್ದೆ. ತಿಂಡಿ ಆಯ್ತಾ ಎಂದರೆ, "ನಂದಾಯ್ತು ಕಣಮ್ಮ, ನೀವು ಹೊರಡಿ" ಎಂದರು. ಅವರಿಗೆಂದು ಇಟ್ಟಿದ್ದ ಅವಲಕ್ಕಿಯ ಪಾತ್ರೆಯ ಮುಚ್ಚಳ ತೆಗೆದು ನೋಡುವಷ್ಟು ಬುದ್ಧಿ ನನಗೆ ಬರಲಿಲ್ಲ. ದಾರಿಯಲ್ಲಿ ಮಾಮಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಟೀಗೆ ನಿಲ್ಲಿಸಿದಾಗ ಅವರು ಕಾರಿನಿಂದ ಇಳಿಯಲಿಲ್ಲ. ಹೊರಗೆ ಏನೂ ಮುಟ್ಟುವವರಲ್ಲವಾದ್ದರಿಂದ ಅದೂ ವಿಶೇಷ ಅನ್ನಿಸಲಿಲ್ಲ.

ಮರಳಿಗೆ ಬಂದದ್ದೇ ಗಂಡ ಬೈಕಿನ ಕಡೆ ಹೋದ. ನಾನು ಅತ್ತೆಗೆಂದು ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿದೆ. ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ.

"ಅಜ್ಜಿ, ಕಮ್ ಅಪ್ ಲಾ. ಯು ಕ್ಯಾನ್ ಸೀ ದ ಸೀ," ಎಂದು ಮಗಳು ದಿಬ್ಬದ ಮೇಲಿಂದ ಕರೆದಳು. ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಹತ್ತಿಯೇಬಿಟ್ಟರು. ನಾನು ಬೈಯುತ್ತಾ, ಛತ್ರಿ ಹಿಡಿದು ಹಿಂದೆ ಓಡಿದೆ.

ಮೇಲೆ ತಲುಪುವಷ್ಟರಲ್ಲಿ ಅವರು ಮರಳಿನ ಮೇಲೆ ಕುಳಿತಿದ್ದರು. ಸಮುದ್ರದ ಕಡೆ ಮುಖ. ರವಿಕೆ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು.

"ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದರು.

"ಯಾವ ಬಸ್ಸು ಅತ್ತೆ?"

ಅವರ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದೆ. "ಬೆಳಿಗ್ಗೆ ಏನು ತಿಂದ್ರಿ? ನನ್ನ ನೋಡಿ. ಏನು ತಿಂದ್ರಿ?"

"ಏಕಾದಶಿ ಕಣೆ," ಎಂದರು ಮೆಲ್ಲಗೆ.

ಮೈಸೂರಿನ ಅಡುಗೆಮನೆಯಲ್ಲಾದರೆ ಕ್ಯಾಲೆಂಡರ್ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಅವರ ತಂಗಿ ಮೊಬೈಲಿಗೆ ಕಳಿಸುವ ಸಂದೇಶವೇ ಪಂಚಾಂಗ, ಅದು ಬರುವುದು ಅವರೊಬ್ಬರಿಗೇ. ಖಾಲಿ ಹೊಟ್ಟೆಗೆ ಸಕ್ಕರೆ ಇಳಿಸುವ ಮಾತ್ರೆ ಕೊಟ್ಟವಳು ನಾನು.

ಮಗಳ ಕೈಯಲ್ಲಿ ಬಂಡುಂಗ್ ಇತ್ತು. ಗುಲಾಬಿ ಸಿರಪ್ಪಿಗೆ ಹಾಲು ಬೆರೆಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುವ, ಹಲ್ಲು ಜುಮ್ಮೆನ್ನುವಷ್ಟು ಸಿಹಿಯಾದ ಪಾನೀಯ. ಕಿತ್ತುಕೊಂಡು ಅತ್ತೆಯ ತುಟಿಗೆ ಹಿಡಿದೆ. ಅವರು ಬಾಯಿ ಬಿಗಿದು ಮುಖ ತಿರುಗಿಸಿದರು. ಬಲವಂತ ಮಾಡಿದರೆ ಗಂಟಲಿಗೆ ಸಿಕ್ಕಿಕೊಂಡೀತೆಂದು ಇನ್ನೊಂದು ಭಯ.

"ತೀರ್ಥ ಅತ್ತೆ," ಎಂದೆ. "ತಗೊಳ್ಳಿ."

ಅವರ ಬಲಗೈ ತಾನಾಗಿಯೇ ಗುಳಿಯಾಗಿ ಮುಂದೆ ಬಂತು, ಕೆಳಗೆ ಎಡಗೈಯಲ್ಲಿ ಸೆರಗು. ಸ್ವಲ್ಪ ಸ್ವಲ್ಪವೇ ಹಾಕಿದೆ. ಮೂರು ಸಲ ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡರು. ಬಿಳಿ ಕೂದಲು ಗುಲಾಬಿಯಾಯಿತು. ನಾನು ನಿಲ್ಲಿಸಲಿಲ್ಲ.

"ಮೂರಾಯ್ತಲ್ಲ," ಎಂದರು ಸ್ವಲ್ಪ ಹೊತ್ತಿಗೆ. ಆಗ ನನಗೆ ಅಳು ಬಂತು. ಲೆಕ್ಕ ಹಾಕುತ್ತಿದ್ದಾರೆ ಎಂದರೆ ಬುದ್ಧಿ ನೆಟ್ಟಗಿದೆ.

"ಇವತ್ತು ದೇವರು ಜಾಸ್ತಿ ಕೊಟ್ಟಿದಾನೆ, ಸುಮ್ನೆ ಕುಡೀರಿ," ಎಂದು ಗದರಿಸಿ ಚೀಲ ಖಾಲಿ ಮಾಡಿಸಿದೆ.

ಮಗಳು ಕೂಗಿದ್ದು ಕೇಳಿ ಗಂಡ ಓಡಿ ಬಂದ. ಇಬ್ಬರೂ ಹಿಡಿದು ಇಳಿಸಿ, ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದೆವು. ಸಕ್ಕರೆ ಮೇಲೆ ಬಂದಿದೆ ಎಂದ ವೈದ್ಯೆ, ಉಪವಾಸವಾದರೆ ಮಾತ್ರೆಯ ಬಗ್ಗೆ ಮೊದಲೇ ಕೇಳಬೇಕು ಎಂದು ನಮ್ಮೆಲ್ಲರಿಗೂ ಹೇಳಿ ಕಳಿಸಿದರು.

ವಾಪಸ್ಸು ಬರುವಾಗ ನನ್ನ ಭಯವೆಲ್ಲ ಸಿಟ್ಟಾಗಿತ್ತು. "ಒಂದು ಮಾತು ಹೇಳಬಾರದಿತ್ತಾ ಅತ್ತೆ? ಏನಾದ್ರೂ ಆಗಿದ್ರೆ?"

ಅವರು ಕಾಲಿನ ಮರಳು ಒರೆಸಿಕೊಳ್ಳುತ್ತಿದ್ದರು. "ಹೇಳಿದ್ರೆ ನನ್ನನ್ನ ಮನೇಲಿ ಬಿಟ್ಟು ಬರ್ತಿದ್ರಿ," ಎಂದರು.

ಇಲ್ಲ ಎನ್ನಲು ಬಾಯಿ ತೆರೆದೆ. ಬೆಟ್ಟಕ್ಕೆ ಹೋದಾಗ ಬಿಟ್ಟು ಹೋಗಿದ್ದೆವು. ಜಲಪಾತಕ್ಕೆ ಹೋದಾಗಲೂ. ಆಗೆಲ್ಲ ಏಕಾದಶಿಯೂ ಇರಲಿಲ್ಲ.